ಹುಲಿಕುಂಟೆಯ ಮೌನದ ಮನೆ

ಕೋಳಿ ಕೂಗಿ ಇನ್ನೂ ಅರ್ಧ ಗಳಿಗೆಯಾಗಿಲ್ಲ. ಸಿರಾ ತಾಲ್ಲೂಕು ಹುಲಿಕುಂಟೆಯ ಮೇಲುಬೀದಿಯ ಕೊನೆಯ ಮನೆಯಲ್ಲಿ ಚನ್ನಮಲ್ಲಯ್ಯ ಆಗಲೇ ಸ್ನಾನ ಮುಗಿಸಿ ಮಣೆಯ ಮೇಲೆ ಕೂತಿದ್ದಾರೆ. ಯುದ್ಧ ಶುರುವಾಗಿ ಸೀಮೆಎಣ್ಣೆಗೆ ಕಂಟ್ರೋಲು ಬಂದ ಮೇಲೆ ಇಲ್ಲಿ ಉರಿಯುವುದು ಹೊಂಗೆ ಎಣ್ಣೆಯ ಹಣತೆ. ಅದರ ಬೆಳಕಿನಲ್ಲಿ ಅಯ್ಯನ ತುಟಿ ಅಲುಗುತ್ತದೆ, ದನಿ ಹೊರಡುವುದಿಲ್ಲ. ಎದುರಿಗೆ ಕೂತ ಮಗಳು ಶಿವರುದ್ರಮ್ಮ ಆ ತುಟಿಯನ್ನೇ ನೋಡುತ್ತಾಳೆ. ಅದು ಒಂದು ಸಲ ಅಲುಗಿ ಮುಚ್ಚಿದರೆ ಒಂದು ಹುಣಿಸೆಬೀಜ ಈ ಮೊರದಿಂದ ಆ ಮೊರಕ್ಕೆ ಹೋಗುತ್ತದೆ. ಅಯ್ಯನಿಗೆ ಕೆಮ್ಮು ಬಂದಾಗ ಅವಳ ಕೈ ನಿಲ್ಲುತ್ತದೆ. ಕೆಮ್ಮು ಈಚೆಗೆ ಬಹಳ ಹೊತ್ತು ಇರುತ್ತದೆ. ಸಾವಿರದ ಎಂಟು ಬೀಜ ಆ ಕಡೆಗೆ ಹೋಗುವಷ್ಟರಲ್ಲಿ ಬಿಸಿಲು ಹೊಸಿಲು ದಾಟಿರುತ್ತದೆ.

ಅಯ್ಯ ಜಪಿಸುವುದು ಒಂದೇ ಅಕ್ಷರ: ಐಂ. ಶಾರದೆಯ ಬೀಜಮಂತ್ರ, ವಿದ್ಯೆಗೂ ಬುದ್ಧಿಗೂ. ಅವರು ಅದನ್ನು ತಮಗಾಗಿ ಅನ್ನುವುದಲ್ಲ, ಪರರ ಮಕ್ಕಳಿಗಾಗಿ ಅನ್ನುತ್ತಾರೆ. ಈ ಸೀಮೆಯಲ್ಲಿ ಅದಕ್ಕೆ ಜಪ ಕಟ್ಟುವುದು ಅನ್ನುತ್ತಾರೆ. ಮಗುವಿಗೆ ಅಕ್ಷರ ತಲೆಗೆ ಹತ್ತದಿದ್ದರೆ, ಮಾತು ಬರುವುದು ತಡವಾದರೆ, ಹೆತ್ತವರು ರಾಗಿಯೋ ಬೆಲ್ಲವೋ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. ಮೇಷ್ಟರ ಬೆತ್ತ ಸೋತ ಮೇಲೇ ಜನಕ್ಕೆ ಅಯ್ಯನ ನೆನಪಾಗುವುದು. ಅಯ್ಯ ಆ ಮಗುವಿನ ಹೆಸರಿನಲ್ಲಿ ನಲವತ್ತೆಂಟು ದಿನದ ಒಂದು ಮಂಡಲ ಕೂರುತ್ತಾರೆ. ಕೊನೆಯ ದಿನ ದರ್ಭೆಯ ತುದಿಯನ್ನು ಜೇನಿನಲ್ಲಿ ಅದ್ದಿ ಮಗುವಿನ ನಾಲಗೆಯ ಮೇಲೆ ಆ ಅಕ್ಷರ ಬರೆಯುತ್ತಾರೆ.

ಮೂವತ್ತೆರಡು ವರ್ಷದಿಂದ ಅವರು ಮಾಡುತ್ತಿರುವುದು ಇದೇ. ಜೇನು ಚಪ್ಪರಿಸಿದವರಲ್ಲಿ ಶಾನುಭೋಗರಿದ್ದಾರೆ, ಪೋಸ್ಟ್ ಮಾಸ್ಟರಿದ್ದಾರೆ, ಮಧುಗಿರಿಯಲ್ಲಿ ಕೋಟು ತೊಡುವ ವಕೀಲರೊಬ್ಬರಿದ್ದಾರೆ. ಒಬ್ಬರಾದರೂ ತಿರುಗಿ ಈ ಬಾಗಿಲಿಗೆ ಬಂದದ್ದಿಲ್ಲ. ಪರೀಕ್ಷೆ ಪಾಸಾದವನು ಅದು ತನ್ನದೇ ಬುದ್ಧಿ ಅನ್ನುತ್ತಾನೆ, ಫೇಲಾದವನ ಅಪ್ಪ ಮಾತ್ರ ತಪ್ಪದೆ ಬಂದು ಅಯ್ಯನನ್ನು ಬೈದು ಹೋಗುತ್ತಾನೆ.

ಅಯ್ಯನಿಗೆ ಈಗ ಐವತ್ತೆಂಟು. ಸಿರಾದ ಡಾಕ್ಟರು ಎದೆಗೆ ನಳಿಗೆ ಇಟ್ಟು ನೋಡಿ, ಶ್ವಾಸಕೋಶ ಎರಡೂ ಕೆಟ್ಟಿವೆ, ಇನ್ನೊಂದು ಮಳೆಗಾಲ ಕಳೆದರೆ ಹೆಚ್ಚು ಎಂದಿದ್ದಾರೆ. ಅಯ್ಯನಿಗೆ ಸಾವಿನ ಭಯವಿಲ್ಲ. ಈ ಮನೆ ಮಠದ್ದು, ಮಣೆಯ ಮೇಲೆ ಕೂತು ಜಪ ಮಾಡುವವರಿಗೆ ಮಾತ್ರ ಸಲ್ಲತಕ್ಕದ್ದು. ಮಣೆ ಮಗಳಿಗೆ ಬರಬೇಕಾದರೆ ಮಂತ್ರ ಅವಳಿಗೆ ಉಪದೇಶವಾಗಿರಬೇಕು. ಉಪದೇಶವನ್ನು ಕೊಡುವುದು ಬಲಗಿವಿಯಲ್ಲಿ. ಶಿವರುದ್ರಮ್ಮನಿಗೆ ಎರಡು ಕಿವಿಯೂ ಕೇಳಿಸುವುದಿಲ್ಲ. ಇಪ್ಪತ್ತೊಂದು ವರ್ಷದ, ಮಾತಿಲ್ಲದ, ಎಡಗಾಲು ಎಳೆಯುವ ಹೆಣ್ಣುಮಗಳು ಅಪ್ಪ ಸತ್ತ ಹನ್ನೆರಡನೆಯ ದಿನಕ್ಕೆ ಬೀದಿಗೆ ಬರುತ್ತಾಳೆ. ಅಯ್ಯನನ್ನು ಕೊರೆಯುತ್ತಿರುವುದು ಇದು.

ಮಂಡಲ ನಡೆಯುವಾಗ ಅಯ್ಯ ಮಾತಾಡುವುದಿಲ್ಲ. ರಾಯಚರ್ಲಿನ ಹನುಮಕ್ಕ ಎಂಬಾಕೆಯ ಮಗಳಿಗೆ ಕಟ್ಟಿದ್ದ ಈ ಮಂಡಲ ಮುಗಿದು ತಿಂಗಳಾದ ಮೇಲೆ ಅವರು ಮಾತಿಗೆ ಸಿಗುತ್ತಾರೆ. ಜಗಲಿಯ ಮೇಲೆ ಕೂತು, ಗೋಡೆಗೆ ಒರಗಿ, ಉಸಿರು ಎಳೆದೆಳೆದು ಹೇಳುತ್ತಾರೆ.

"ನಮ್ದು ಮೌನದ ಮನೆ ಸ್ವಾಮಿ. ನಮ್ಮಪ್ಪನ ಕಾಲದಿಂದ್ಲೂ ಅಂಗೇಯ. ಮಂಡಲ ಕೂತ ಮನೇಲಿ ಒಲೆ ಮುಂದೂ ಪಿಸುಮಾತು ಆಡಂಗಿಲ್ಲ. ಉಪ್ಪು ಬೇಕಾದ್ರೆ ಇಂಗೆ ಬೆಟ್ಟು ತೋರ್ಸೋದು, ನೀರು ಬೇಕಾದ್ರೆ ಇಂಗೆ."

ವರ್ಷಕ್ಕೆ ಐದು ಮಂಡಲ. ಎಂದರೆ ಇನ್ನೂರ ನಲವತ್ತು ದಿನ ಆ ಮನೆಯಲ್ಲಿ ಮಾತಿಲ್ಲ. ಉಳಿದ ದಿನಗಳಲ್ಲಿ ಅಯ್ಯ ಹಳ್ಳಿಹಳ್ಳಿ ತಿರುಗುತ್ತಿದ್ದರು, ಅವರ ಹೆಂಡತಿ ಚನ್ನಮಲ್ಲಮ್ಮ ಅಭ್ಯಾಸಬಲದಿಂದ ಕೈಸನ್ನೆಯಲ್ಲೇ ಮನೆ ನಡೆಸುತ್ತಿದ್ದರು. ಅಂಥ ಮನೆಯಲ್ಲಿ ಶಿವರುದ್ರಮ್ಮ ಹುಟ್ಟಿದಳು. ಅತ್ತರೆ ಅಮ್ಮನ ಕೈ ನೋಡಿ ಸುಮ್ಮನಾಗುತ್ತಿದ್ದಳು. ಎರಡು ವರ್ಷಕ್ಕೇ ಕೈಸನ್ನೆ ಕಲಿತಳು. ಐದು ವರ್ಷವಾದರೂ ತುಟಿ ಬಿಚ್ಚಲಿಲ್ಲ. ಬಂದುಹೋಗುವ ಜನ ಬೆರಗಾಗಿ, ಅಯ್ಯನವರ ಕೂಸು ತೊಟ್ಟಿಲಲ್ಲೇ ವ್ರತ ಹಿಡಿದಿದೆ ಎಂದರು. ಕೆಲವರು ಅವಳ ಕಾಲಿಗೂ ಬಿದ್ದರು.

"ನಾನೂ ಅಂಗೇ ಅಂದ್ಕೊಂಡ್ಬುಟ್ಟೆ," ಎನ್ನುತ್ತಾರೆ ಅಯ್ಯ. "ನನ್ನ ಜಪದ ಫಲ ನನ್ನ ಮನೇಲೇ ಹುಟ್ಟೈತೆ ಅಂತ ಎದೆ ಉಬ್ಬಿಸ್ಕೊಂಡು ತಿರುಗ್ದೆ. ಬ್ಯಾರೇರ ಮಕ್ಳಿಗೆ ಮಾತು ಬರ್ಲಿ ಅಂತ ಕೂತಿದ್ದೋನು, ನನ್ನ ಮಗೂಗೆ ಯಾಕೆ ಮಾತಿಲ್ಲ ಅಂತ ಒಂದಿನಾನೂ ಕೇಳ್ಲಿಲ್ಲ. ಇಂಥ ಪೆದ್ದ ಎಲ್ಲಾದ್ರೂ ಇದ್ದಾನಾ ಸ್ವಾಮಿ?"

ಹದಿನಾಲ್ಕು ವರ್ಷದ ಹಿಂದೆ, ಒಂದು ಮಂಡಲದ ಮೂವತ್ತೊಂಬತ್ತನೆಯ ದಿನ. ಅಯ್ಯ ಮಣೆಯ ಮೇಲಿದ್ದರು. ಏಳು ವರ್ಷದ ಮಗಳು ಬೀದಿಯ ಧೂಳಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತು ಕಡ್ಡಿಯಿಂದ ಗೀಚುತ್ತಿದ್ದಳು. ಕಡಲೆಕಾಯಿ ಹೇರಿದ ಗಾಡಿಯ ಎತ್ತು ಬೆದರಿ ಇಳಿಜಾರಿನಲ್ಲಿ ಓಡಿ ಬಂತು. ಗಾಡಿಯವನು ಬಾಯಿ ಹರಿಯುವಂತೆ ಕೂಗುತ್ತಿದ್ದ. ಕೊರಳಗಂಟೆ, ಜನರ ಗದ್ದಲ, ಎಲ್ಲವೂ ಮಗಳ ಬೆನ್ನ ಹಿಂದೆಯೇ ಇತ್ತು. ಅವಳು ಗೀಚುತ್ತಲೇ ಇದ್ದಳು. ಅಯ್ಯ ವ್ರತ ಮುರಿದು ಕೂಗಿದರು.

"ರುದ್ರೀ ಅಂತ ಕೂಗ್ದೆ. ಹುಟ್ಟಿ ಏಳು ವರ್ಸಕ್ಕೆ ಮೊದಲ್ನೇ ಸಲ ಮಗಳ ಹೆಸ್ರು ಗಟ್ಟಿಯಾಗಿ ಕೂಗಿದ್ದು. ಬೀದಿಯೋರೆಲ್ಲ ನನ್ ಕಡೆ ತಿರುಗಿದ್ರು. ಅವಳೊಬ್ಳು ತಿರುಗ್ಲಿಲ್ಲ."

ಚಕ್ರ ಎಡಪಾದದ ಮೇಲೆ ಹಾಯಿತು. ಆ ದಿನ ಗೊತ್ತಾಯಿತು. ಅದು ವ್ರತವಲ್ಲ, ಕಿವುಡು.

ಆಮೇಲೆ ಮಗಳಿಗಾಗಿ ಮೂರು ಮಂಡಲ ಕಟ್ಟಿದರು. ನಾಲ್ಕನೆಯದಕ್ಕೆ ಕೂರಲು ತನಗೇ ಮುಖವಿರಲಿಲ್ಲ ಎನ್ನುತ್ತಾರೆ. ಚನ್ನಮಲ್ಲಮ್ಮ ತೀರಿಕೊಂಡು ಎಂಟು ವರ್ಷವಾಯಿತು. ಸಾಯುವ ಮುಂಚೆ ಆಕೆ ಗಂಡನ ಕಣ್ಣೆದುರು ಮಗಳ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ತೋರಿಸಿ, ಮೂರು ಬೆರಳು ಎತ್ತಿದರಂತೆ. ಮಗಳಿಗೆ ಮೂರು ವರ್ಷವಿದ್ದಾಗಲೇ ತನಗೆ ಗೊತ್ತಿತ್ತು ಎಂದು ಅದರ ಅರ್ಥ.

"ಯಾಕೆ ಹೇಳ್ಲಿಲ್ಲ ಅಂತ ಅವಳ ಮೇಲೆ ಸಿಟ್ಟು ಬಂತು," ಎಂದು ಅಯ್ಯ ನೆಲ ನೋಡುತ್ತಾರೆ. "ಆಮ್ಯಾಕೆ ಯೋಚ್ನೆ ಮಾಡ್ದೆ. ಪಾಪ, ಯಾವಾಗ ಹೇಳ್ಬೇಕಾಗಿತ್ತು ಅವಳು? ನಾನು ಬಾಯಿ ಮುಚ್ಕೊಂಡು ಕೂತಿದ್ದೆ, ಅವಳ್ದೂ ಮುಚ್ಸಿದ್ದೆ."

ಗಾಡಿ ಹಾಯ್ದಂದಿನಿಂದ ಅಯ್ಯನ ಕೆಲಸದ ರೀತಿ ಬದಲಾಗಿದೆ. ಜಪ ಕಟ್ಟಿಸಲು ಯಾರೇ ಮಗುವನ್ನು ಕರೆತಂದರೂ ಮೊದಲು ಅದರ ಬೆನ್ನ ಹಿಂದೆ ಹಿತ್ತಾಳೆ ತಟ್ಟೆ ಬೀಳಿಸುತ್ತಾರೆ. ಮಗು ತಿರುಗಿದರೆ ಸರಿ. ತಿರುಗದಿದ್ದರೆ ರಾಗಿ ಬೆಲ್ಲ ವಾಪಸು ಕೊಟ್ಟು, ಜಪದಿಂದ ಆಗುವ ಕೆಲಸವಲ್ಲ, ಡಾಕ್ಟರಿಗೆ ತೋರಿಸಿ ಅನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ಒಂಬತ್ತು ಮಕ್ಕಳು ತಿರುಗಲಿಲ್ಲ. ಒಂಬತ್ತು ತಾಯಂದಿರೂ ಅಯ್ಯನಿಗೆ ಶಾಪ ಹಾಕಿ ಹೋದರು. ಹನುಮಕ್ಕನ ಮಗಳು ತಟ್ಟೆ ಬಿದ್ದೊಡನೆ ಬೆಚ್ಚಿ ಅತ್ತಳು. "ಮಾ ಅಮ್ಮಾಯಿ ಅತ್ತಿದ್ದಕ್ಕೆ ಅಯ್ಯನೋರು ಕೈ ಮುಗ್ದುಬುಟ್ರು ಕಣಮ್ಮ, ಏಂದೋ ಏಮೋ ನಂಗೆ ಅರ್ಥಾಗ್ಲಿಲ್ಲ," ಎಂದು ಹನುಮಕ್ಕ ತನ್ನ ತೆಲುಗು ಬೆರೆತ ಮಾತಿನಲ್ಲಿ ಪಕ್ಕದ ಮನೆಯವರಿಗೆ ಹೇಳಿ ನಕ್ಕಳಂತೆ.

ಈ ಕಾರ್ತಿಕದಲ್ಲಿ ಅಯ್ಯ, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಹತ್ತಿ ಮಠಕ್ಕೆ ಹೋಗಿ ಬಂದರು. ಕಿವಿಯ ಬದಲು ಬೇರೆ ದಾರಿಯಲ್ಲಿ ಮಗಳಿಗೆ ಉಪದೇಶ ಮಾಡಲು ಅಪ್ಪಣೆ ಬೇಕು ಎಂದು ಕೇಳಿದರು. ಮಠದ ಆಡಳಿತ ನೋಡುವ ಪರ್ವತಯ್ಯನವರು ಕೆಟ್ಟವರಲ್ಲ. ಅಯ್ಯನನ್ನು ಕೂರಿಸಿ, ಊಟ ಹಾಕಿಸಿ, ಆಮೇಲೆ ಇಲ್ಲ ಎಂದರು. "ಕಿವಿಗೆ ಬೀಳದೆ ಇದ್ದದ್ದು ಉಪದೇಶ ಹೆಂಗಾಗ್ತದೆ ಚನ್ನಮಲ್ಲಯ್ಯ? ನೀನೇ ಹೇಳು. ಇವತ್ತು ನಿನ್ನ ಮಗಳಿಗೆ ಬುಟ್ರೆ ನಾಳೆ ಯಾರಿಗೆ ಬ್ಯಾಡ ಅನ್ಲಿ?" ಕೊರಟಗೆರೆ ಕಡೆಯ ರೇಣುಕಯ್ಯ ಎಂಬುವರನ್ನು ಮುಂದಿನ ಮಣೆಗೆ ಗೊತ್ತುಮಾಡಿಯಾಗಿದೆ. ಅವರು ಈಗಾಗಲೇ ಒಮ್ಮೆ ಬಂದು, ಮನೆಯ ಸೂರು ಎಲ್ಲಿ ಸೋರುತ್ತದೆ ಎಂದು ಅಯ್ಯನನ್ನೇ ಕೇಳಿ ತಿಳಿದುಕೊಂಡು ಹೋಗಿದ್ದಾರೆ.

ಅಪ್ಪಣೆ ಸಿಗದಿದ್ದರೂ ಅಯ್ಯನಿಗೆ ದಾರಿ ತೋರಿದ್ದು ಅವರ ರೋಗವೇ. ಒಂದು ಬೆಳಗ್ಗೆ ಕೆಮ್ಮು ಹೆಚ್ಚಾದಾಗ ಮಗಳು ಅವರ ಎದೆಯ ಮೇಲೆ ಅಂಗೈ ಇಟ್ಟಳು. ಕೆಮ್ಮು ನಿಂತ ಮೇಲೂ ತೆಗೆಯಲಿಲ್ಲ. ಅಯ್ಯ ನರಳಿದಾಗ ಅವಳ ಕಣ್ಣು ಅರಳಿತು. ಒಳಗೆ ಏನೋ ನಡುಗುತ್ತಿದೆ ಎಂದು ಬೆರಳು ಆಡಿಸಿ ತೋರಿಸಿದಳು.

ಅಂದಿನಿಂದ ಅಯ್ಯ ಮನೆತನದ ಕಟ್ಟಳೆ ಬಿಟ್ಟರು. ತುಟಿಯಲ್ಲಷ್ಟೇ ಇರಬೇಕಾದ ಬೀಜಮಂತ್ರವನ್ನು ಗಂಟಲು ತುಂಬಿ ಅನ್ನತೊಡಗಿದರು. ಮಗಳ ಒಂದು ಕೈ ಅಪ್ಪನ ಗಂಟಲ ಮೇಲೆ, ಇನ್ನೊಂದು ತನ್ನ ಗಂಟಲ ಮೇಲೆ. ದಿನಕ್ಕೆ ನೂರ ಎಂಟು ಸಲ, ಅದೂ ಉಸಿರು ಇದ್ದರೆ. ದನಿ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಅವರು ಕೇಳಿಸಿಕೊಂಡಿಲ್ಲ. ಜಪ ಮುಗಿದ ಮೇಲೆ ಕೆಮ್ಮಿದರೆ ವಸ್ತ್ರದ ಮೇಲೆ ರಕ್ತ ಬೀಳುತ್ತದೆ. ಮಗಳು ಅದನ್ನು ಹಿತ್ತಲಿನ ಕಲ್ಲಿನ ಮೇಲೆ ಒಗೆದು ಒಣಗಿಸುತ್ತಾಳೆ.

ಬೀಜಮಂತ್ರ ಬೀದಿಗೆ ಕೇಳಿಸಿದರೆ ಅದರ ಸಾರ ಹೋಯಿತು ಎಂದು ಈ ಕಡೆಯ ಜನರ ನಂಬಿಕೆ. ಹನುಮಕ್ಕನ ಮಗಳ ಮಂಡಲವೇ ಕೊನೆಯದು. ಆ ನಲವತ್ತೆಂಟು ದಿನ ಅಯ್ಯ ಕಟ್ಟಳೆ ಪಾಲಿಸಿ ತುಟಿಯಲ್ಲೇ ಜಪಿಸಿದರು, ಮುಗಿದ ಮಾರನೆಯ ಬೆಳಗ್ಗೆ ಮತ್ತೆ ದನಿ ತೆಗೆದರು. ಅದರ ಮೇಲೆ ಒಂದು ಮಗುವೂ ಬಂದಿಲ್ಲ. ರಾಗಿಯ ಗುಡಾಣ ತಳ ಕಂಡಿದೆ.

ಹದಿನೈದು ದಿನದಿಂದ ಶಿವರುದ್ರಮ್ಮನ ಗಂಟಲಿನಿಂದಲೂ ಒಂದು ಸದ್ದು ಹೊರಡುತ್ತಿದೆ. ಒರಟು ಸದ್ದು, ಕಟ್ಟಿಹಾಕಿದ ಕರು ಕೂಗಿದಂತೆ. ಆ ಬೀದಿಯ ಹುಡುಗರು ಅದನ್ನು ಅಣಕಿಸುವುದನ್ನು ಕಲಿತಿದ್ದಾರೆ. ಪರ್ವತಯ್ಯನವರು ಮೊನ್ನೆ ಬಂದು ಹೊಸಿಲ ಆಚೆಯೇ ನಿಂತು ಕೇಳಿದರು. ಬಹಳ ಹೊತ್ತು ಕೇಳಿದರು. "ಇದು ಮಂತ್ರ ಅಲ್ಲ ಚನ್ನಮಲ್ಲಯ್ಯ," ಎಂದು ಮೆಲ್ಲಗೆ ಹೇಳಿ, ರೇಣುಕಯ್ಯ ಯುಗಾದಿಯ ಹೊತ್ತಿಗೆ ಮನೆ ನೋಡಲು ಇನ್ನೊಮ್ಮೆ ಬರುತ್ತಾರೆ ಎಂದು ತಿಳಿಸಿ ಹೋದರು.

ಮನೆ ಉಳಿಯುವುದಿಲ್ಲ ಎಂದು ಅಯ್ಯನಿಗೆ ಗೊತ್ತಿದೆ. ಹಾಗಿದ್ದ ಮೇಲೆ ಎದೆ ಹರಿದುಕೊಂಡು ಇನ್ನೂ ಯಾಕೆ ಎಂದು ಕೇಳಿದರೆ ಅವರು ಒಳಗಿರುವ ಮಗಳ ಕಡೆ ತಿರುಗಿ ನೋಡುತ್ತಾರೆ. ಅವಳು ಗೋಡೆಗೆ ಮುಖ ಮಾಡಿ ಕೂತು, ತನ್ನ ಗಂಟಲ ಮೇಲೆ ತಾನೇ ಕೈಯಿಟ್ಟು ಅನ್ನುತ್ತಿದ್ದಾಳೆ.

"ಮಂತ್ರ ಹೌದೋ ಅಲ್ವೋ ಮಠದೋರು ಹೇಳ್ಕೊಳ್ಲಿ ಬುಡಿ ಸ್ವಾಮಿ," ಎನ್ನುತ್ತಾರೆ ಚನ್ನಮಲ್ಲಯ್ಯ. "ಮೂವತ್ತೆರಡು ವರ್ಸ ಊರ ಮಕ್ಳದ್ದನ್ನೆಲ್ಲ ಅವ್ರ ಬದ್ಲು ನಾನ್ ಅಂದೆ. ನನ್ ಮಗಳದ್ದನ್ನ ಅವಳೇ ಅಂತಾವ್ಳೆ."