ಹಾಲಮ್ಮತ್ತೆಯ ಎಡ ಹುಬ್ಬು

ಹಾಲಮ್ಮತ್ತೆ ಯಾವುದನ್ನೂ ಮೇಲಿನಿಂದ ನೋಡಿದವಳಲ್ಲ. ಸಂತೆಯಲ್ಲಿ ಟೊಮೆಟೊ ರಾಶಿಯ ಮುಂದೆ ಕೂತರೆ ಮೊಣಕೈವರೆಗೆ ಕೈ ತೂರಿಸಿ ಅಡಿಯಿಂದ ಒಂದು ಹಣ್ಣು ಎಳೆಯುತ್ತಿದ್ದಳು; ಉಳಿದ ಹಣ್ಣೆಲ್ಲ ರಸ್ತೆಗೆ ಉರುಳುತ್ತಿದ್ದವು. ಹೋಟೆಲಿನಲ್ಲಿ ಇಡ್ಲಿ ಪಾತ್ರೆಯ ಕೊನೆಯ ತಟ್ಟೆಯದ್ದೇ ಬೇಕು. ಸೀರೆ ಅಂಗಡಿಯವನು ಸೆರಗು ಹರಡಿದರೆ, "ಒಳತುದಿ ತೋರ್ಸಪ್ಪ, ಸೆರಗು ಎಲ್ರೂ ತೋರಿಸ್ತಾರೆ" ಎನ್ನುತ್ತಿದ್ದಳು.

ಇದು ಕಸುಬಿನಿಂದ ಅಂಟಿದ ಗುಣ. ನನ್ನ ಅಪ್ಪನ ಅಕ್ಕ ಅವಳು. ಚನ್ನಗಿರಿಯ ಒಂದು ಮಂಡಿಯಲ್ಲಿ ಮೂವತ್ತು ವರ್ಷ ಅಡಿಕೆ ಆರಿಸಿದವಳು. ಕೆಲವರು ಚೀಲದ ಬಾಯಲ್ಲಿ ಹೊಳೆಯುವ ಅಡಿಕೆ ಇಟ್ಟು ತಳದಲ್ಲಿ ಗೊರಬಲು ತುಂಬಿ ತರುತ್ತಾರೆ. ಗೊರಬಲು ಅಂದರೆ ಅಡಿಕೆಯಲ್ಲಿ ಕೊನೆಯ ದರ್ಜೆ. ಅತ್ತೆ ಚೀಲದ ಬಾಯಿಯನ್ನು ನೋಡುತ್ತಲೇ ಇರಲಿಲ್ಲ. ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, "ಇದು ನಿನ್ನ ಅಡಿಕೆ. ಮ್ಯಾಲಿಂದು ನಿನ್ನ ಆಸೆ" ಎಂದುಬಿಡುತ್ತಿದ್ದಳು.

ನ್ಯಾಮತಿಗೆ ಗಂಡು ನೋಡಲು ಹೋದಾಗಲೂ ಇದೇ ಕಥೆ. ದೊಡ್ಡಪ್ಪನ ಮಗಳಿಗೆ ಬಂದ ಸಂಬಂಧ. ಹುಡುಗ ಇಸ್ತ್ರಿ ಷರ್ಟ್ ಹಾಕಿಕೊಂಡು ಮುಂದೆ ಕೂತಿದ್ದ. ಅತ್ತೆ ಅವನ ಕಡೆ ತಿರುಗಲೂ ಇಲ್ಲ. ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಕೇಳಿದಳು: "ನಿಮ್ಮನ್ಯಾಗೆ ಯಾರಿಗೂ ಬ್ಯಾಡಾದೋರು ಯಾರದಾರೆ?" ಅವರಿಗೆ ಬೆವರು ಬಂತು. ಕೊನೆಗೆ ಹಿತ್ತಿಲ ಕೋಣೆಯಲ್ಲಿದ್ದ ಹುಡುಗನ ಕಿವುಡಿ ಸೋದರತ್ತೆಯನ್ನು ತೋರಿಸಿದರು. ಇವಳು ಒಳಗೆ ಹೋಗಿ ಒಂದು ತಾಸು ಕೂತು ಬಂದಳು. "ಅಕಿಗೂ ಬಿಸಿ ರೊಟ್ಟಿನೇ ಹಾಕ್ತಾರಂತೆ. ಹುಡುಗೀನ ಕೊಡ್ರಿ" ಎಂದಳು. ಮದುವೆ ಆಯಿತು, ಅಕ್ಕ ಚೆನ್ನಾಗಿದ್ದಾಳೆ. ಅಂದಿನಿಂದ ನಮ್ಮ ಮನೆಯಲ್ಲಿ ಹಾಲಮ್ಮತ್ತೆ ಹೂಂ ಅನ್ನದೆ ಫ್ಯಾನ್ ಕೂಡ ತರುತ್ತಿರಲಿಲ್ಲ.

ಈಗ ನನ್ನ ವಿಷಯ. ನಾನು ಫೋನಿನಲ್ಲಿ ವೀಡಿಯೊ ನೋಡಿ ನೋಡಿ ಬ್ಯೂಟಿಷಿಯನ್ ಕೆಲಸ ಕಲಿತವಳು. ನಮ್ಮ ಬೀದಿಯ ಅರ್ಧ ಹೆಂಗಸರ ಹುಬ್ಬು ನನ್ನ ಕೈಯಿಂದಲೇ ಆದದ್ದು. ಮುಖ ಸಿಗದ ದಿನ ತೆಂಗಿನಕಾಯಿಗೆ ಮದುವಣಗಿತ್ತಿ ಮೇಕಪ್ ಮಾಡುತ್ತಿದ್ದೆ. ಒಮ್ಮೆ ಅಮ್ಮ ಅದನ್ನು ದೇವರ ಮುಂದೆ ಒಡೆಯಲು ಹೋಗಿ, ಲಿಪ್‌ಸ್ಟಿಕ್ ನೋಡಿ, ಕೈ ಬರದೆ ವಾಪಸ್ ತಂದಿಟ್ಟಳು. ನನಗೆ ಬೆಂಗಳೂರಿನಲ್ಲಿ ಸರಿಯಾದ ಕೋರ್ಸ್ ಮಾಡಬೇಕಿತ್ತು. ಅಪ್ಪನಿಗೆ ನಾನು ಬಿ.ಎಡ್ ಮಾಡಬೇಕಿತ್ತು. ಅರ್ಜಿ ತುಂಬಿ ಟಿವಿ ಮೇಲೆ ಇಟ್ಟಿದ್ದರು. ಸಹಿ ಮಾತ್ರ ಬಾಕಿ.

"ಹಾಲಮ್ಮಕ್ಕನ್ನ ಕರ್ಕಂಡು ಹೋಗು. ಅಕಿ ಒಂದು ಸ್ಕೂಲು ಒಪ್ಪಿದ್ರೆ ಸೇರು. ಒಪ್ಲಿಲ್ಲ ಅಂದ್ರೆ ಬಂದು ಸಹಿ ಹಾಕು" ಎಂದರು ಅಪ್ಪ.

ನಾನು ಮೂರು ಸ್ಕೂಲು ಆರಿಸಿಟ್ಟುಕೊಂಡಿದ್ದೆ. ಮೊದಲನೆಯದರ ಮೇಲೆ ನನ್ನ ಜೀವವೇ ಇತ್ತು. ಗಾಜಿನ ಬಾಗಿಲು, ಸುತ್ತ ಬಲ್ಬ್ ಇರುವ ಕನ್ನಡಿ, ತಿರುಗುವ ಕುರ್ಚಿ. ಕೌಂಟರಿನ ಹುಡುಗಿ ಸಿಲಬಸ್ ಹೇಳತೊಡಗಿದಳು.

"ಅದಿರ್ಲಿ ಬಿಡವ್ವ. ನಿಮ್ಮಾಗೆ ಗೊರಬಲು ಯಾರು?"

"ಸಾರಿ?"

"ಎಷ್ಟು ಹೇಳ್ಕೊಟ್ರೂ ತಲಿಗೆ ಹತ್ತದ ಹುಡುಗಿ. ಅಕೀನ ಕರೀರಿ. ನನ್ನ ಹುಬ್ಬು ಮಾಡ್ಲಿ, ನೋಡಾನ."

"ನಮ್ಮಲ್ಲಿ ಎಲ್ಲರೂ ಟಾಪರ್ಸೇ ಮೇಡಂ."

"ತಳ ಇಲ್ಲದ ಚೀಲ ನಾನು ಇನ್ನೂ ಕಂಡಿಲ್ಲ" ಎಂದು ಅತ್ತೆ ಎದ್ದೇಬಿಟ್ಟಳು. ನಾನು ತಿರುಗುವ ಕುರ್ಚಿಯನ್ನು ಒಮ್ಮೆ ಮುಟ್ಟಿ ಹೊರಗೆ ಬಂದೆ.

ಎರಡನೆಯ ಸ್ಕೂಲಿನವರು ಜಾಣರು. ಒಳಗೆ ಹೋಗಿ ಗುಸುಗುಸು ಮಾತಾಡಿ, ಕೂದಲು ಕೆದರಿಕೊಂಡ ಒಬ್ಬಳನ್ನು ತಂದರು. "ಇವಳೇ ಅಮ್ಮ, ಏನೂ ಬರಲ್ಲ." ಅವಳು ದಾರದ ತುದಿ ಹಲ್ಲಲ್ಲಿ ಕಚ್ಚಿ ಎರಡೇ ನಿಮಿಷದಲ್ಲಿ ಬಲ ಹುಬ್ಬನ್ನು ಬಿಲ್ಲಿನಂತೆ ಮಾಡಿದಳು. ನಾನು ಖುಷಿಯಲ್ಲಿ ಚಪ್ಪಾಳೆ ಹೊಡೆಯುವುದೊಂದು ಬಾಕಿ. ಅತ್ತೆ ಅವಳ ಕೈ ಹಿಡಿದು ಬೆರಳು ತಿರುಗಿಸಿ ನೋಡಿದಳು.

"ಬೆರಳಿಗೆ ಇಂಥಾ ಗೆರೆ ಬೀಳಾಕೆ ವರ್ಷಗಟ್ಲೆ ದಾರ ಎಳೀಬೇಕು. ನೀನು ಇಲ್ಲಿ ಮೇಡಮ್ಮು, ಹೌದಿಲ್ಲ?"

ಅವಳು ನೆಲ ನೋಡಿದಳು. "ಹೌದಮ್ಮ. ಮ್ಯಾನೇಜರ್ ಹೇಳಿದ್ರು."

"ಇನ್ನೊಂದು ಮಾಡಬ್ಯಾಡ, ಬಿಡು" ಎಂದು ಅತ್ತೆ ಕೆಳಗಿಳಿದಳು. ಹೀಗೆ ಬಲಗಡೆ ಸಿನಿಮಾ ಹೀರೊಯಿನ್, ಎಡಗಡೆ ಚನ್ನಗಿರಿ ಎಂಬ ಮುಖ ಹೊತ್ತು ಅವಳು ಸಿಟಿ ಬಸ್ಸಿನಲ್ಲಿ ನಿಂತಳು. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಮೂರನೆಯದು ಮಿಕ್ಸಿ ರಿಪೇರಿ ಅಂಗಡಿಯ ಮೇಲಿತ್ತು. ಕರೆಂಟ್ ಹೋಗಿತ್ತು. ಶಾರದಾ ಮೇಡಂ ಎಂಬ ಐವತ್ತು ವರ್ಷದ ಹೆಂಗಸು ಕಿಟಕಿ ಪಕ್ಕ ಪಾಠ ಮಾಡುತ್ತಿದ್ದರು. ಅತ್ತೆ ತನ್ನ ಪ್ರಶ್ನೆ ಕೇಳಿದಳು. ಮೇಡಂ ಯೋಚನೆಯನ್ನೂ ಮಾಡಲಿಲ್ಲ. "ಪುಷ್ಪಾ, ಬಾರೇ. ನಿನ್ನನ್ನೇ ಕೇಳ್ತಿದ್ದಾರೆ."

ಬಹುಮಾನಕ್ಕೆ ಕರೆದ ಹಾಗೆ ಪುಷ್ಪ ಓಡಿ ಬಂದಳು. "ನಾನೇ ಅಮ್ಮಾ. ಮೂರು ತಿಂಗ್ಳಾತು, ಹುಬ್ಬು ಒಂದು ಬರವಲ್ದು. ನಂದು ಜಗಳೂರು."

ಅತ್ತೆಯನ್ನು ಕಿಟಕಿ ಪಕ್ಕ ಕೂರಿಸಿದಳು. ಮೂರು ಸಲ ದಾರ ಎಳೆದಳು. ಎಡ ಹುಬ್ಬಿನ ಹೊರಗಿನ ಅರ್ಧ ಕಾಣೆಯಾಯಿತು.

ಮೇಡಂ ಹತ್ತಿರ ಬಂದರು. "ಎಷ್ಟು ಹೋಯ್ತು?"

"ಅರ್ಧ, ಮೇಡಂ."

"ಯಾಕೆ ಹೋಯ್ತು?"

"ಚರ್ಮ ಎಳೆದು ಹಿಡೀಲಿಲ್ಲ, ಮೇಡಂ."

"ಈಗ ಹಿಡಿ. ಉಳಿದದ್ದು ಮಾಡು."

ಉಳಿದ ಹುಡುಗಿಯರಲ್ಲಿ ಒಬ್ಬಳೂ ನಗಲಿಲ್ಲ. ಪುಷ್ಪ ಕಣ್ಣು ಒರೆಸಿಕೊಂಡು, "ಅಮ್ಮಾ, ಉಳಿದಿದ್ದು ಮಾಡ್ಲಾ?" ಎಂದಳು. "ಮಾಡವ್ವ, ಅದಕ್ಕೇ ಬಂದೀನಿ" ಎಂದು ಅತ್ತೆ ಮುಖ ಒಡ್ಡಿದಳು. ಉಳಿದ ಅರ್ಧ ನೀಟಾಗಿ ಬಂತು.

ಮೆಟ್ಟಿಲಲ್ಲಿ ನಿಂತು ಅಪ್ಪನಿಗೆ ಫೋನ್ ಮಾಡಿದಳು. "ಸ್ಕೂಲು ಸಿಕ್ತು ಕಣೋ. ಆ ಅರ್ಜಿ ಹರಿದಾಕು."

ನಾನು ಅಳುವುದೊಂದೇ ಬಾಕಿ. "ಅತ್ತೆ, ನಿನ್ನ ಹುಬ್ಬೇ ಹೋತಲ್ಲ! ನಮ್ಮ ಕಡೆ ಹುಡುಗಿ ಅಂತ ಒಪ್ಪಿದ್ಯಾ?"

"ಜಗಳೂರು ಯಾವಾಗ ನಮ್ಮ ಕಡೆ ಆತು? ನೀನು ಹುಬ್ಬು ನೋಡ್ದೆ ಕಾವ್ಯಾ, ನಾನು ಹುಡುಗೀನ ನೋಡ್ದೆ. ಕೆಡಿಸಿದ್ ಮ್ಯಾಲೂ ಅಕಿ ದಾರ ಕೈಬಿಡ್ಲಿಲ್ಲ. ಜಾಣೇರಿಗೆ ಯಾರ್ ಬೇಕಾದ್ರೂ ಕಲಿಸ್ತಾರೆ."

ಕೋರ್ಸ್ ಶುರುವಾಗಲು ಇನ್ನೂ ಒಂದು ತಿಂಗಳಿತ್ತು. ಆ ವಯಸ್ಸಿಗೆ ಹೋದ ಹುಬ್ಬು ಮತ್ತೆ ಬರುವ ಲಕ್ಷಣ ಕಾಣಲಿಲ್ಲ. ದಿನಾ ಬೆಳಿಗ್ಗೆ ಅವಳು ಮಂಡಿಗೆ ಹೊರಡುವ ಮೊದಲು ನಾನು ಪೆನ್ಸಿಲ್‌ನಲ್ಲಿ ಅರ್ಧ ಹುಬ್ಬು ಬರೆದು ಕಳಿಸುತ್ತಿದ್ದೆ. ಒಂದೊಂದು ದಿನ ಒಂದೊಂದು ತರ. ಇಳಿಸಿ ಬರೆದ ದಿನ ಜೊತೆಯವರು "ಯಾಕಕ್ಕ, ಸಿಟ್ಟೇನು?" ಎಂದು ದೂರ ಕೂತರಂತೆ. ಒಂದು ದಿನ ಕೈ ಜಾರಿ ಹುಬ್ಬು ಹಣೆಯ ಅರ್ಧಕ್ಕೆ ಏರಿತು. ಅಂದು ಹೊನ್ನಾಳಿ ಕಡೆಯ ಒಬ್ಬರು ಅಡಿಕೆ ತಂದಿದ್ದರು. ಅತ್ತೆ ಸುಮ್ಮನೆ ಅವರ ಮುಖ ನೋಡಿದಳು, ಅಷ್ಟೇ. ಅವರು ಎರಡು ನಿಮಿಷ ತಡೆದುಕೊಂಡು, "ಹಂಗ್ ನೋಡಬ್ಯಾಡ್ರಿ ಅಮ್ಮ, ಕೆಳಗಿನ ಎರಡು ಚೀಲ ನೆಂದಾವೆ" ಎಂದು ತಾವೇ ಬಾಯಿಬಿಟ್ಟರಂತೆ. ಅತ್ತೆ ಸಂಜೆ ಬಂದು, "ನಾಳೆನೂ ಇದನ್ನೇ ಬರಿ" ಎಂದಳು.

ನಾನು ಹೊರಡುವ ದಿನ ಪೆನ್ಸಿಲ್ ಹಿಡಿದು ಅವಳ ಮನೆಗೆ ಹೋದೆ. ಅವಳು ಮುಖ ಕೊಡಲಿಲ್ಲ.

"ಬ್ಯಾಡ ಇವತ್ತು. ನಾಳೆಯಿಂದ ಯಾರು ಬರೀತಾರೆ? ಇವತ್ತಿಂದ್ಲೇ ರೂಢಿ ಮಾಡ್ಕಂತೀನಿ."

ಒಂದೂವರೆ ಹುಬ್ಬಿನಲ್ಲೇ ಬಸ್‌ಸ್ಟ್ಯಾಂಡಿಗೆ ಬಂದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.

ಸ್ಕೂಲಿನಲ್ಲಿ ಮೊದಲ ದಿನವೇ ನಾನು ಎಲ್ಲರ ಮುಂದೆ ನನ್ನ ಕೈಚಳಕ ತೋರಿಸಿದೆ. ಶಾರದಾ ಮೇಡಂ ನೋಡಿ, "ದಾರ ಹಿಡಿಯೋದೇ ತಪ್ಪು. ಎಲ್ಲ ಮರೆತು ಬಾ" ಎಂದರು. ಮರೆಯುವುದು ಕಲಿಯುವುದಕ್ಕಿಂತ ಕಷ್ಟ. ಎರಡು ತಿಂಗಳಾದರೂ ನನ್ನ ಕೈ ಹಳೆಯ ದಾರಿಗೇ ಓಡುತ್ತಿತ್ತು. ಅತ್ತೆಗೆ ಫೋನ್ ಮಾಡಿ ಅತ್ತುಬಿಟ್ಟೆ.

"ಹಂಗಾರೆ ಈಗ ಅಲ್ಲಿ ಗೊರಬಲು ನೀನೇನಾ?" ಎಂದು ಬಿದ್ದು ಬಿದ್ದು ನಕ್ಕಳು. ಆಮೇಲೆ ಕೇಳಿದಳು, "ಪುಷ್ಪ ಏನಾದ್ಳು?"

"ಪಾಸಾದ್ಳು. ಒಂದು ಪಾರ್ಲರ್‌ನಾಗೆ ಕೆಲ್ಸ ಸಿಕ್ಕೈತೆ."

"ಮತ್ತೇನ್ ಅಳ್ತಿ? ಇಡು ಫೋನು."

ಅದಾದ ಹದಿನೈದು ದಿನಕ್ಕೆ ಮಂಡಿಯಿಂದ ಬಂದು ನೀರು ಕುಡಿದು ಒರಗಿದವಳು ಏಳಲಿಲ್ಲ. ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕೊನೆಯ ಪರೀಕ್ಷೆಗೆ ಪ್ರತಿಯೊಬ್ಬರೂ ಒಬ್ಬ ಮಾಡೆಲ್ ತರಬೇಕಿತ್ತು. ನನ್ನ ಕೈಗೆ ಮುಖ ಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಖಾಲಿ ಕುರ್ಚಿಯ ಹಿಂದೆ ನಿಂತಿದ್ದೆ. ಮೇಡಂ ಯಾವಾಗ ಫೋನ್ ಮಾಡಿದ್ದರೋ ಗೊತ್ತಿಲ್ಲ, ಪುಷ್ಪ ಪಾರ್ಲರಿನ ಏಪ್ರನ್ನಿನಲ್ಲೇ ಓಡಿ ಬಂದು ಕುರ್ಚಿಯಲ್ಲಿ ಕೂತಳು.

"ಮಾಡು. ಹೋದ್ರೆ ಹೋಗ್ಲಿ."

ನಾನು ದಾರ ಕಚ್ಚಬೇಕು ಎನ್ನುವಷ್ಟರಲ್ಲಿ ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿ ಮೆಲ್ಲಗೆ ಕೇಳಿದಳು: "ಕಾವ್ಯಾ, ಆ ಅಮ್ಮನ ಹುಬ್ಬು ಮತ್ತೆ ಬಂತಾ?"

ಅತ್ತೆ ಹೋದದ್ದು ಅವಳಿಗೆ ಯಾರೂ ಹೇಳಿರಲಿಲ್ಲ.

"ಬಂತು ಅಕ್ಕ," ಎಂದೆ. "ಮೊದಲಿಗಿಂತ ದಪ್ಪ ಬಂದೈತೆ."

ಪುಷ್ಪ ಉಸಿರು ಬಿಟ್ಟು ಕಣ್ಣು ಮುಚ್ಚಿದಳು. ನಾನು ಚರ್ಮ ಎಳೆದು ಹಿಡಿದೆ.