ಹುಡುಕುವ ಆಟ

ನಾನು ವಿಡಿಯೋ ಗೇಮ್ ಆಡುತ್ತೇನೆ ಎನ್ನುವ ಸುದ್ದಿ ಗೊತ್ತಾದ ದಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಐವತ್ತರ ಹತ್ತಿರ ಬಂದ ಹೆಂಗಸು, ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಮನೆಗೆ ಹೋಗಿ ಟಿವಿ ಮುಂದೆ ಕೂತು ಕತ್ತಿ ಬೀಸುತ್ತಾಳೆ ಅಂದರೆ ನಗದೆ ಇನ್ನೇನು ಮಾಡಿಯಾರು? ಗಣಿತದ ಮಾಸ್ತರರು, "ಟೀಚರ್ರೀ, ಅದ್ರಾಗ ನಿಮಗೇನ್ ಸಿಗ್ತದ್ರಿ?" ಎಂದು ಕೇಳಿದರು. "ಏನೂ ಸಿಗಂಗಿಲ್ರಿ, ಅದಕ್ಕೇ ಆಡ್ತೀನಿ" ಎಂದು ಅವರ ಬಾಯಿ ಮುಚ್ಚಿಸಿದೆ. ನಾನು ಹೇಳಿದ್ದು ಸುಳ್ಳು. ಆ ಆಟ ಆಡಬೇಕಾದದ್ದೇ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ, ಆದರೆ ಯಾಕೆ ಎಂದು ಹೇಳಬೇಕಾದರೆ ಮೊದಲು ನನ್ನ ಗಂಡ ಕಾಲುವೆಯಲ್ಲಿ ಕಳೆದುಹೋದದ್ದನ್ನು ಹೇಳಬೇಕಾಗುತ್ತದೆ. ಚಹಾದ ಹೊತ್ತಿನಲ್ಲಿ ಹೇಳುವ ಮಾತಲ್ಲ ಅದು.

ನನ್ನ ಗಂಡ ಹತ್ತಿ ವ್ಯಾಪಾರ ಮಾಡುತ್ತಿದ್ದರು. ಹತ್ತಿ ಬಿಡಿಸುವ ಕಾಲದಲ್ಲಿ ಹೊಲಹೊಲ ತಿರುಗಿ ಮಾಲು ನೋಡಿ ಬರುವುದು ಅವರ ಕೆಲಸ. ಒಂದು ಬೆಳಿಗ್ಗೆ, "ಸುರಪುರ ಕಡಿ ಹೋಗಿ ಬರ್ತೀನಿ, ಊಟಕ್ಕ ಕಾಯಬ್ಯಾಡ" ಎಂದು ಹೇಳಿ ಬೈಕು ಹತ್ತಿದರು. ಡಾಂಬರು ರಸ್ತೆ ಬಿಟ್ಟು ಕಾಲುವೆಯ ದಂಡೆಯ ಮೇಲೆ ಹೋದರೆ ದಾರಿ ಹತ್ತಿರ. ಆ ಸಂಜೆ ದಂಡೆಯ ಮೇಲೆ ಬೈಕು ಸಿಕ್ಕಿತು, ಸ್ಟ್ಯಾಂಡು ಹಾಕಿ ನಿಲ್ಲಿಸಿದ್ದು. ಪಕ್ಕದಲ್ಲಿ ಚಪ್ಪಲಿ ಬಿಟ್ಟಿದ್ದರು. ಬಿಸಿಲಿಗೆ ಮುಖ ತೊಳೆಯಲು ಇಳಿದಿರಬೇಕು. ಪಾಚಿಗಟ್ಟಿದ ಸಿಮೆಂಟಿನ ಇಳಿಜಾರು, ಕಾಲುವೆ ತುಂಬಿ ಹರಿಯುವ ಕಾಲ, ಈಜು ಬಾರದ ಮನುಷ್ಯ. ಇದಕ್ಕಿಂತ ಹೆಚ್ಚಿನದನ್ನು ಯಾರೂ ನೋಡಿರಲಿಲ್ಲ.

ನಮ್ಮ ಕಡೆ ಕಾಲುವೆ ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಶಹಾಪುರದಲ್ಲಿ ಅಕ್ಕಿ ಗಿರಣಿಗಳು ಎದ್ದವು. ಕಾಲುವೆಗೆ ಬಿದ್ದವರನ್ನು ಹುಡುಕುವುದಕ್ಕೂ ಒಂದು ಪದ್ಧತಿ ಬೆಳೆಯಿತು. ಬಿದ್ದ ಜಾಗದಲ್ಲಿ ಯಾರೂ ಹುಡುಕುವುದಿಲ್ಲ. ದಂಡೆ ಹಿಡಿದು ಕೆಳಗೆ ನಡೆದು, ನೀರು ಮೆಟ್ಟಿಲಿನಂತೆ ಧುಮುಕುವ ಜಾಗಕ್ಕೆ ಹೋಗಿ ಕೂತು ಕಾಯುತ್ತಾರೆ. ಕಾಲುವೆಗೆ ಹೋದವರು ಎರಡು ಮೂರು ದಿನಕ್ಕೆ ಅಲ್ಲಿ ಬಂದು ತೇಲುತ್ತಾರೆ. ಎಲ್ಲರೂ ಬಂದಿದ್ದಾರೆ. ನನ್ನ ಗಂಡ ಬರಲಿಲ್ಲ. ನೀರು ಬಂದ್ ಮಾಡಿರೆಂದು ನಮ್ಮವರು ನೀರಾವರಿ ಸಾಹೇಬರಿಗೆ ಕೈ ಮುಗಿದರು. ಕೆಳಗಿನ ಊರುಗಳ ರೈತರೂ ಬಂದು, ಗದ್ದೆ ತೆನೆ ಕಟ್ಟುವ ಹೊತ್ತಿದು, ದಮ್ಮಯ್ಯ ಬಂದ್ ಮಾಡಬೇಡಿರೆಂದು ಅದೇ ಸಾಹೇಬರಿಗೆ ಕೈ ಮುಗಿದರು. ಆ ರೈತರೂ ಅಳುತ್ತಿದ್ದರು. ನೀರು ಒಂದಿಷ್ಟು ಇಳಿದು ಮತ್ತೆ ಏರಿತು.

ಹೆಣ ಸಿಗದ ಮನೆಯಲ್ಲಿ ಯಾವುದೂ ಮುಗಿಯುವುದಿಲ್ಲ. ಊರಿನ ಬಾಯಿಗೆ ಮುಚ್ಚಳ ಇರುವುದಿಲ್ಲವಲ್ಲ, ಬೈಕು ನಿಲ್ಲಿಸಿ ಇನ್ನೊಬ್ಬಳ ಜೊತೆ ಹೈದರಾಬಾದಿನ ಬಸ್ಸು ಹತ್ತಿದ ಅಂದವರೂ ಇದ್ದರು. ನನಗೆ ಇದಕ್ಕಿಂತ ಸಂಕಟ ಕೊಟ್ಟದ್ದು ಬೇರೆ. ಓಣಿಯಲ್ಲಿ ಒಂದು ಸೀಮಂತಕ್ಕೆ ಹೋಗಿದ್ದೆ. ಬಂದ ಮುತ್ತೈದೆಯರಿಗೆಲ್ಲ ಮನೆಯವಳು ಉಡಿ ತುಂಬುತ್ತ ಬಂದಳು. ನನ್ನ ಮುಂದೆ ಬಂದಾಗ ಅಕ್ಕಿ, ಖಣ ಹಿಡಿದ ಅವಳ ಕೈ ನಿಂತುಬಿಟ್ಟಿತು. ತುಂಬಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ, ಸೆರಗು ಒಡ್ಡಬೇಕೋ ಬೇಡವೋ ನನಗೂ ತಿಳಿಯಲಿಲ್ಲ. ಸುತ್ತಲಿದ್ದವರೆಲ್ಲ ನೋಡುತ್ತಿದ್ದರು. ನಾನೇ ಎದ್ದು ಮನೆಗೆ ಬಂದೆ. ನಾನು ಹೆಂಡತಿಯೋ ವಿಧವೆಯೋ ಎನ್ನುವುದನ್ನು ಯಾರಾದರೂ ಹೇಳಿದ್ದರೆ ಸಾಕಿತ್ತು, ಎರಡರಲ್ಲಿ ಯಾವುದಾದರೂ ಸರಿ, ನಾನು ಬದುಕುತ್ತಿದ್ದೆ.

ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ. ಅತ್ತೆಯದು ಒಂದೇ ಮಾತು. "ನನ್ನ ಮಗ ಎಲ್ಲ್ಯಾರ ಅದಾನ." ಬೇಸಿಗೆಯಲ್ಲಿ ಕಾಲುವೆಯ ನೀರು ನಿಂತು ತಳ ಒಣಗುತ್ತಿದ್ದಂತೆ ಅವರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಡುತ್ತಿದ್ದರು. ಬದುಕಿದ್ದಾನೆ ಅಂದಮೇಲೆ ಕಾಲುವೆಯಲ್ಲೇನು ಹುಡುಕುತ್ತೀರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ನಾನೂ ಹಿಂದೆ ಹೋಗುತ್ತಿದ್ದೆ. ಬೈಕು ಸಿಕ್ಕ ಜಾಗದಿಂದ ನೀರು ಧುಮುಕುವ ಜಾಗದವರೆಗೆ, ಕಾಲುವೆಯ ನಡುವೆ, ಬಿರುಕು ಬಿಟ್ಟ ಕೆಸರಿನ ಮೇಲೆ ಇಬ್ಬರೂ ನಡೆಯುತ್ತಿದ್ದೆವು. ಗಾಜು ಒಡೆದ ದೇವರ ಫೋಟೋಗಳು, ಒಂಟಿ ಚಪ್ಪಲಿಗಳು, ಯಾರದೋ ಬುರುಡೆಯೆಂದು ಎದೆ ಹಾರಿಸಿದ ಸೋರೆಕಾಯಿ, ಎಮ್ಮೆಯ ಎಲುಬು. ಅತ್ತೆ ಪ್ರತಿಯೊಂದನ್ನೂ ಕೋಲಿನಿಂದ ತಿರುವಿ ನೋಡುತ್ತಿದ್ದರು. ಹೀಗೆ ವರ್ಷಗಳು ಕಳೆದವು. ಒಂದೊಂದು ಬೇಸಿಗೆಗೂ ಅದೇ ದಾರಿ.

ಅಷ್ಟರಲ್ಲಿ ಯಾದಗಿರಿಯಲ್ಲಿ ಕ್ಲಾರ್ಕ್ ಆಗಿದ್ದ ನನ್ನ ತಂಗಿಗೆ ದೂರದ ಊರಿಗೆ ವರ್ಗವಾಯಿತು. ಹೋಗುವಾಗ ಟಿವಿಗೆ ಜೋಡಿಸುವ ಆಟದ ಡಬ್ಬಿಯನ್ನು ನಮ್ಮ ಮನೆಯಲ್ಲಿಟ್ಟಳು. "ಅಕ್ಕಾ, ನೀ ನಿದ್ದಿಗುಳಿಗಿ ನುಂಗೂದಕ್ಕಿಂತ ಇದು ಚೊಲೋ" ಅಂದಳು. ನನಗೆ ಸಿಟ್ಟು ಬಂತು, ಆದರೆ ಕಂಟ್ರೋಲರ್ ಹಿಡಿಯುವುದು ಹೇಗೆಂದು ತೋರಿಸಿಕೊಂಡೆ. ಅದರಲ್ಲಿ ಒಬ್ಬ ಹುಡುಗಿ, ಬೆನ್ನಿಗೆ ಕತ್ತಿ, ಸೊಂಟಕ್ಕೆ ಹಗ್ಗ, ಪಾಳು ಬಿದ್ದ ದೊಡ್ಡ ಸೀಮೆಯಲ್ಲಿ ಒಂಟಿಯಾಗಿ ತಿರುಗುತ್ತಾಳೆ. ಮೊದಲ ದಿನವೆಲ್ಲ ನಾನು ಅವಳನ್ನು ಗೋಡೆಗೆ ಡಿಕ್ಕಿ ಹೊಡೆಸಿ, ಬಾವಿಗೆ ಬೀಳಿಸಿ, ನಾಯಿಗಳ ಬಾಯಿಗೆ ಕೊಟ್ಟು, ಕಂಟ್ರೋಲರ್ ಕೆಟ್ಟಿದೆ ಎಂದು ತಂಗಿಗೆ ಫೋನು ಮಾಡಿದೆ. "ಕುಣಿಯಲಾರದಾಕಿ ನೆಲ ಡೊಂಕು ಅಂದಳಂತ" ಎಂದು ಆಕೆ ನಕ್ಕಳು.

ನನ್ನನ್ನು ಹಿಡಿದದ್ದು ಕತ್ತಿಯಲ್ಲ. ಹೊಡೆದಾಟ ಬರುತ್ತದೆ, ಸೋಲುತ್ತೇವೆ, ಸಾಯುತ್ತೇವೆ, ದಾರಿಯಲ್ಲಿ ಹಿಂದೆ ಹಚ್ಚಿಟ್ಟು ಬಂದ ದೀಪದ ಹತ್ತಿರ ಮತ್ತೆ ಎದ್ದು ನಿಲ್ಲುತ್ತೇವೆ. ಆ ಸೀಮೆಯಲ್ಲಿ ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ, ಬಾಣದ ಗುರುತಿಲ್ಲ. ನಕ್ಷೆ ತೆರೆದರೆ ಕಪ್ಪು. ಕಾಲಿಟ್ಟಷ್ಟು ಜಾಗ ಮಾತ್ರ ಬೆಳಗುತ್ತದೆ, ಒಮ್ಮೆ ಬೆಳಗಿದ್ದು ಬೆಳಗಿಯೇ ಇರುತ್ತದೆ. ಒಂದು ಕೋಣೆಯ ಮೂಲೆಮೂಲೆ ನೋಡಿ ಅಲ್ಲಿ ಏನೂ ಇಲ್ಲವೆಂದು ತಿಳಿದು ಹೊರಬಂದಾಗ ನನ್ನ ಎದೆ ಎಷ್ಟು ಹಗುರಾಯಿತೆಂದರೆ ಅಲ್ಲೇ ಕೂತು ಅತ್ತುಬಿಟ್ಟೆ. ಇಲ್ಲಿ ಇಲ್ಲ ಎಂದು ಖಾತ್ರಿಯಾಗುವುದು ಎಷ್ಟು ದೊಡ್ಡದೆಂದು ಹುಡುಕಿ ಸೋತವರಿಗೆ ಮಾತ್ರ ಗೊತ್ತು. ನಮ್ಮ ಕಾಲುವೆ ನನಗೆ ಅಷ್ಟನ್ನೂ ಕೊಟ್ಟಿರಲಿಲ್ಲ.

ಆಟದಲ್ಲಿ ನೀರು ತುಂಬಿದ ಒಂದು ಸುರಂಗವಿತ್ತು. ಅಗಲವಾದ ದಾರಿಯಲ್ಲಿ ನೇರ ಈಜಿ ಹೋಗುವುದು, ಕೊನೆಯಲ್ಲಿ ಉಸಿರು ಕಟ್ಟಿ ಸಾಯುವುದು. ಒಂದು ಭಾನುವಾರವೆಲ್ಲ ಇದೇ ಆಯಿತು. ತಂಗಿ ಫೋನಿನಲ್ಲಿ, "ಅಗಲ ದಾರಿ ಬಿಡಕ್ಕಾ. ಗ್ವಾಡಿ ಹಿಡದು ಹೋಗು. ಬಾಜೂಕ ಸಣ್ಣ ಸಣ್ಣ ಕಿಂಡಿ ಅದಾವ. ಮುಚ್ಯಾವಂತ ತಿಳಕೊಂಡು ನೀ ಮುಂದ ಹೋಗಾಕತ್ತಿ" ಅಂದಳು. ಹೌದು, ಕಬ್ಬಿಣದ ಜಾಲರಿ ಹಾಕಿದ ಕಿಂಡಿಗಳಿದ್ದವು. ದೂರದಿಂದ ಎಲ್ಲವೂ ಮುಚ್ಚಿದಂತೆ ಕಾಣುತ್ತಿದ್ದವು. ಕೈಯಿಂದ ತಳ್ಳಿದರೆ ಒಂದು ತೆರೆಯಿತು.

ಆ ಬೇಸಿಗೆಯಲ್ಲಿ ಅತ್ತೆಯ ಹಿಂದೆ ಕಾಲುವೆಯ ತಳದಲ್ಲಿ ನಡೆಯುವಾಗ ನನ್ನ ಕಣ್ಣು ಮೊದಲ ಸಲ ಪಕ್ಕದ ಗೋಡೆಯ ಮೇಲೆ ಹೋಯಿತು. ಉಪಕಾಲುವೆಗೆ ನೀರು ಬಿಡುವ ತೂಬು. ಎಮ್ಮೆ ನುಸುಳುವಷ್ಟು ಅಗಲದ ಬಾಯಿ, ಅದಕ್ಕೊಂದು ಕಬ್ಬಿಣದ ಗೇಟು. ಇಷ್ಟು ವರ್ಷ ನಾವು ಅದರ ಮುಂದೆಯೇ ನಡೆದು ಹೋಗಿದ್ದೆವು.

"ಅತ್ತಿ, ಇದರಾಗ ನೋಡೀವೇನ್ರಿ?"

"ಇದರಾಗ ಯಾಕ ನೋಡಬೇಕ? ಆಗ ಇದು ಬಂದ್ ಇತ್ತು. ಈ ಕಡಿಯವ್ರ ಪಾಳಿ ಇದ್ದಿಲ್ಲ."

ನಮ್ಮಲ್ಲಿ ಕಾಲುವೆಯ ನೀರನ್ನು ವಾರಾಬಂದಿಯ ಮೇಲೆ ಹಂಚುತ್ತಾರೆ. ಒಂದು ಕಡೆಯ ಉಪಕಾಲುವೆಗೆ ಪಾಳಿ ಇದ್ದಾಗ ಇನ್ನೊಂದು ಕಡೆಯ ಗೇಟು ಇಳಿದಿರುತ್ತದೆ. ಯಾರ ಪಾಳಿ ಯಾವಾಗ ಎನ್ನುವುದು ಇಲ್ಲಿ ಕೂಸುಗಳಿಗೂ ಬಾಯಿಪಾಠ. ಪೊಲೀಸರೂ, ನಮ್ಮ ಬೀಗರೂ, ಹುಡುಕಲು ಬಂದ ಈಜುಗಾರರೂ ಆ ಲೆಕ್ಕ ಗೊತ್ತಿದ್ದವರೇ. ಅದಕ್ಕೇ ಒಬ್ಬರೂ ಆ ಕಡೆ ತಿರುಗಿರಲಿಲ್ಲ. ಬೇರೆ ಸೀಮೆಯವನು ಯಾವನಾದರೂ ಇದ್ದಿದ್ದರೆ ತೂಬಿನಲ್ಲಿ ಇಣುಕುತ್ತಿದ್ದನೇನೋ.

ಆ ಉಪಕಾಲುವೆಯ ಕೊನೆಯ ಊರಿನವರೊಬ್ಬರು ಮಗಳನ್ನು ಕರೆದುಕೊಂಡು ಅವಳ ವರ್ಗಾವಣೆ ಪತ್ರಕ್ಕೆಂದು ಶಾಲೆಗೆ ಬಂದರು. ಎಂಟೆಕರೆ ಗದ್ದೆಯ ದೊಡ್ಡ ರೈತ. ಅವರನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದು ನೇರವಾಗಿ ಕೇಳಿದೆ. "ನಮ್ಮನಿಯವ್ರು ಹೋದ ದಿನ ನಿಮ್ಮ ಕಡಿ ಗೇಟು ತಗದಿತ್ತೇನ್ರಿ?" ಅವರು ನನ್ನ ಮುಖ ನೋಡಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಸುಮ್ಮನೆ ಮಡಚಿದರು.

"ನಮ್ಮ ಪಾಳಿಗಿ ನೀರು ತಳಕ್ಕ ಮುಟ್ಟಿದ್ದಿಲ್ರಿ ಮೇಡಮ್. ತೆನಿ ಒಣಗಾಕತ್ತಿದ್ವು. ಊರಾನ ಮಂದಿ ಹೋಗಿ ಗೇಟು ಎಬ್ಬಿಸಿದ್ವಿ. ಮರುದಿನ ನಿಮ್ಮ ಸುದ್ದಿ ಬಂತು. ಇಳಿಸಿ ಬಿಟ್ವಿ. ಕೇಸ್ ಆಗ್ತದಂತ ಯಾರೂ ಬಾಯಿ ಬಿಡಲಿಲ್ರಿ."

"ಇಷ್ಟು ವರ್ಷರೀ?"

"ನಾವು ನೀರು ಮುಚ್ಚಿಟ್ವಿ ಅಷ್ಟೇರಿ. ಮನಷ್ಯಾನ್ನ ಮುಚ್ಚಿಟ್ಟೀವಂತ ನಮಗ ಗೊತ್ತಿದ್ದಿಲ್ಲ."

ನಾನು ಅವರ ಕಪಾಳಕ್ಕೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಮಗಳು ಪಕ್ಕದಲ್ಲೇ ಪತ್ರ ಹಿಡಿದು ನಿಂತಿದ್ದಳು.

ಆ ಉಪಕಾಲುವೆ ಸ್ವಲ್ಪ ದೂರದಲ್ಲಿ ಬಂಡಿದಾರಿಯ ಕೆಳಗೆ ಸಿಮೆಂಟಿನ ಕೊಳವೆಯಲ್ಲಿ ನುಗ್ಗಿ ಹೋಗುತ್ತಿತ್ತು. ಜಾಲಿಮುಳ್ಳು, ಹೂಳು ಕಟ್ಟಿ ಆ ಕೊಳವೆ ಎಂದೋ ಮುಚ್ಚಿ, ರೈತರು ಪಕ್ಕದಲ್ಲಿ ಇನ್ನೊಂದು ದಾರಿ ಕಡಿದುಕೊಂಡಿದ್ದರು. ತೂಬಿನೊಳಗೆ ಹೋದದ್ದು ಅದನ್ನು ದಾಟಿರಲಾರದೆಂದು ಪೊಲೀಸರನ್ನು ಕರೆಸಿದೆ. ಜೆಸಿಬಿ ಬಂದು ಕೊಳವೆಯನ್ನು ಒಡೆಯಿತು. ಅತ್ತೆ ನನ್ನ ಕೈ ಹಿಡಿದುಕೊಂಡು ದಂಡೆಯ ಮೇಲೆ ನಿಂತಿದ್ದರು. ಕಪ್ಪು ಹೂಳಿನ ಗಡ್ಡೆಯಲ್ಲಿ ಮೊದಲು ಬಟ್ಟೆಯ ಚೂರು, ಬೆಲ್ಟಿನ ಬಕಲ್, ಆಮೇಲೆ ಎಲುಬುಗಳು ಬಂದವು. ಕೊನೆಗೆ ಒಬ್ಬ ಪೇದೆ ನೀರು ಸುರಿದು ತೊಳೆದು ಒಂದು ವಸ್ತುವನ್ನು ಅಂಗೈಯಲ್ಲಿಟ್ಟು ತೋರಿಸಿದ. ಲಿಂಗವಿಟ್ಟುಕೊಂಡು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆ. ಮಗನಿಗೆ ಅದನ್ನು ಮಾಡಿಸಿ ಕಟ್ಟಿದವರು ಅತ್ತೆಯೇ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಅವರು ನನ್ನ ಕೈ ಬಿಟ್ಟರು.

ಮಣ್ಣಾದದ್ದು ನಮ್ಮ ಹೊಲದಲ್ಲಿ. ಸ್ವಾಮಿಗಳು ಎಲುಬಿನ ಗಂಟಿಗೆ ವಿಭೂತಿ ಹಚ್ಚಿ, ಆ ಲಿಂಗವನ್ನು ಅದರ ಮೇಲೇ ಇಟ್ಟರು. ಬಳೆಗಳನ್ನು ನಾನೇ ತೆಗೆದಿಟ್ಟೆ. ಅಂದು ನಾನು ಹಗಲಿನಲ್ಲೇ ಸತ್ತವಳಂತೆ ಮಲಗಿ ನಿದ್ದೆ ಮಾಡಿದೆ. ದುಃಖ ಆಗಿದ್ದು ನಿಜ, ಆದರೆ ಅದು ನನ್ನದೇ ದುಃಖ, ಅದಕ್ಕೊಂದು ಹೆಸರಿತ್ತು. ಅಗಲ ದಾರಿಯನ್ನು ಬಿಡು ಎಂದು ನನಗೆ ಕಲಿಸಿದ್ದು ಆ ಆಟ, ಅದನ್ನು ಹಗುರವಾಗಿ ನೋಡುವವರ ಮಾತು ನನಗೆ ನಾಟುವುದಿಲ್ಲ.

ಮುಂದಿನ ಬೇಸಿಗೆ ಬಂತು, ಕಾಲುವೆಯ ನೀರು ನಿಂತಿತು. ಅತ್ತೆ ಎಲ್ಲಿಗೂ ಹೊರಡಲಿಲ್ಲ. ಬೆಳಿಗ್ಗೆ ಎದ್ದು ಕಟ್ಟೆಯ ಮೇಲೆ ಕೂತರೆ ಊಟಕ್ಕೂ ಏಳರು. ಅವರು ಕಣ್ಣೆದುರೇ ಸವೆಯುತ್ತಿದ್ದರು. ಒಂದು ಮಧ್ಯಾಹ್ನ ನಾನೇ ಹೋಗಿ, "ಏಳ್ರಿ ಅತ್ತಿ, ಒಂದು ತುತ್ತು ಉಣ್ರಿ" ಅಂದೆ.

"ನೀ ಶಾಣ್ಯಾಕಿ ಅದಿ, ಹುಡುಕಿದಿ" ಅಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಇಷ್ಟು ವರ್ಷ ನನ್ನ ಮಗ ಎಲ್ಲ್ಯಾರ ಅದಾನಂತ ನಡೀತಿದ್ದೆ. ಈಗ ನಾ ಎಲ್ಲಿಗಿ ನಡೀಲಿ, ಹೇಳವ್ವಾ?"

ಒಳಗೆ ಬಂದು, ಮಾಡಲು ಬೇರೇನೂ ತೋಚದೆ, ಟಿವಿ ಹಚ್ಚಿ ಕಂಟ್ರೋಲರ್ ಹಿಡಿದೆ. ಸ್ವಲ್ಪ ಹೊತ್ತಿಗೆ ಅತ್ತೆ ಕೋಲು ಊರಿಕೊಂಡು ಬಂದು ಬಾಗಿಲಲ್ಲಿ ನಿಂತರು. ಆಮೇಲೆ ನನ್ನ ಪಕ್ಕ ನೆಲದ ಮೇಲೆ ಕೂತರು. ಬಿದ್ದ ಗುಡಿಗಳ ನಡುವೆ ಆ ಹುಡುಗಿ ನಡೆಯುತ್ತಿದ್ದಳು.

"ಆಕಿ ಯಾರನ್ನ ಹುಡುಕಾಕತ್ಯಾಳ?"

"ತಮ್ಮನ್ನರಿ ಅತ್ತಿ."

"ಸಿಗ್ತಾನೇನ?"

ಆಟವನ್ನು ನಾನು ಆಗಲೇ ಒಮ್ಮೆ ಕೊನೆಯವರೆಗೆ ಆಡಿ ಮುಗಿಸಿದ್ದೆ. ಗುಡ್ಡದ ಮೇಲಿನ ಕೋಣೆಯಲ್ಲಿ ಆ ತಮ್ಮ ಹೇಗೆ ಬಿದ್ದಿದ್ದಾನೆಂದು ನನಗೆ ಗೊತ್ತಿತ್ತು. ಅಲ್ಲಿಗೆ ಹೋಗುವ ಮೆಟ್ಟಿಲು ಎದುರಿಗೇ ಕಾಣುತ್ತಿತ್ತು.

"ಇನ್ನೂ ಭಾಳ ಕಡಿ ನೋಡೂದು ಅದರಿ" ಎಂದು ಹೇಳಿ, ಮೆಟ್ಟಿಲಿಗೆ ಬೆನ್ನು ಮಾಡಿಸಿ ಅವಳನ್ನು ಹೊಳೆಯ ಕಡೆ ತಿರುಗಿಸಿದೆ.

ಅತ್ತೆ ಕಾಲು ಮಡಚಿ ಸರಿಯಾಗಿ ಕೂತುಕೊಂಡರು. "ನಡಿ ಯವ್ವಾ" ಎಂದು ಆ ಹುಡುಗಿಗೆ ಹೇಳಿದರು.