ಸೋರುವ ಪಂಪಿಗೆ ವಿಭೂತಿ ಹಚ್ಚುವ ಹೊನ್ನೂರಪ್ಪ

ಬೆಳಗಿನ ಐದೂವರೆ. ತಳಕಲ್ಲಿನ ಆಚೆ ಕಟ್ಟುತ್ತಿರುವ ಹೊಸ ಕೆರೆಯ ಒಡ್ಡಿನ ಮೇಲೆ ಹೊನ್ನೂರಪ್ಪ ನಿಂತಿದ್ದಾರೆ. ಬಾಯಿ ತೆರೆದಿದೆ, ಮುಚ್ಚುವುದನ್ನು ಮರೆತಿದ್ದಾರೆ. ಮೂವತ್ತು ವರ್ಷ ಎಂಜಿನುಗಳ ನಡುವೆಯೇ ಬದುಕಿದವರು ಎಂಜಿನನ್ನು ಈ ವೇಷದಲ್ಲಿ ಕಂಡಿರಲಿಲ್ಲ. ಎದುರಿಗಿರುವ ಬುಲ್‌ಡೋಜರಿನ ಮೂತಿಗೆ ಅರಿಷಿಣ ಕುಂಕುಮ, ಹೊಗೆಕೊಳವೆಗೆ ಕೆಂಪು ಹಸಿರು ಪಟ್ಟೆ, ಅದರ ತುದಿಗೆ ಗೊಂಡೆ. ಕೊರಳು ಇದೇ ಇರಬೇಕೆಂದು ಯಾರೋ ತೀರ್ಮಾನಿಸಿದ ಜಾಗದಲ್ಲಿ ಗೆಜ್ಜೆಸರ. ಇಷ್ಟೆಲ್ಲ ಸಿಂಗಾರದ ಕೆಳಗೆ ನೆಲಕ್ಕೆ ತೊಟ್ಟಿಕ್ಕುತ್ತಿರುವ ಡೀಸೆಲ್ ಎಣ್ಣೆ.

ಮೊನ್ನೆ ಕಾರಹುಣ್ಣಿಮೆ. ಊರ ಎತ್ತುಗಳಿಗೆಲ್ಲ ಸ್ನಾನ, ಬಣ್ಣ. ಬುಲ್‌ಡೋಜರಿನ ಡ್ರೈವರ್ ಗಾದಿಲಿಂಗಪ್ಪ ಹೋದ ವರ್ಷದವರೆಗೂ ಆರೆತ್ತಿನ ಕಮತ ನೋಡಿಕೊಂಡಿದ್ದವನು.

"ಎತ್ತಿನಂಗ ದುಡಿತೈತ್ರಿ. ಹಬ್ಬದ ದಿನ ಹೊಲಸು ಮೈಲೆ ನಿಂದ್ರಸಾಕ ಮನಸಾಗ್ಲಿಲ್ಲ" ಎನ್ನುತ್ತಾನೆ.

ಮೈ ತೊಳೆದು ಬಿಟ್ಟಿದ್ದರೆ ನಗುವಿನಲ್ಲಿ ಮುಗಿಯುತ್ತಿತ್ತು. ಒಂದೊಂದು ಸಿಲಿಂಡರಿಗೂ ಎಣ್ಣೆಯನ್ನು ಹನಿ ಲೆಕ್ಕದಲ್ಲಿ ಅಳೆದು, ಭಾರಿ ಒತ್ತಡದಿಂದ ನೂಕುವ ಇಂಜೆಕ್ಷನ್ ಪಂಪು ಇದೆಯಲ್ಲ, ಅದರ ನೆತ್ತಿಯ ನಟ್ಟುಗಳನ್ನೂ ಅವನು ಬಿಚ್ಚಿದ್ದಾನೆ. ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಂಬಿಗೆಯ ಹಾಗೆ ತಿಕ್ಕಿ, ಫಳಫಳ ಹೊಳೆಸಿ, ಮತ್ತೆ ಜೋಡಿಸಿದ್ದಾನೆ. ಇಟ್ಟಂಗಿ ಪುಡಿಯೇನು ಎಂದು ಹೊನ್ನೂರಪ್ಪ ಮೂರು ಸಲ ಕೇಳಿದರು. ಮೂರು ಸಲವೂ ಅದೇ ಉತ್ತರ ಬಂತು. ಕೂದಲೆಳೆ ಸಿಕ್ಕರೂ ಸೋರುವ ಜಾಗಕ್ಕೆ ಇಟ್ಟಿಗೆ!

ಒಡ್ಡಿನ ನಡುವೆ ಇನ್ನೂ ನಲವತ್ತು ಅಡಿಯ ಬಾಯಿ ಇದೆ. ಹೆಚ್ಚಿನ ನೀರು ಹೊರಹೋಗಲು ಕಲ್ಲಿನ ಕೋಡಿ ಸಿದ್ಧವಿದೆ, ಒಡ್ಡು ಮಾತ್ರ ಸಿದ್ಧವಿಲ್ಲ. ದೊಡ್ಡ ಮಳೆಗೆ ಮುಂಚೆ ಆ ಬಾಯಿ ಮುಚ್ಚದಿದ್ದರೆ ಹಸಿಮಣ್ಣು ಕೊಚ್ಚಿಕೊಂಡು ಕೆಳಗಿನ ಹನ್ನೊಂದು ಗುಡಿಸಲುಗಳ ಮೇಲೆ ಹೋಗುತ್ತದೆ. ಅದರಲ್ಲೊಂದು ಗುಡಿಸಲು ಕೂಲಿಗಳಿಗೆ ರೊಟ್ಟಿ ಬಡಿಯುವ ಹುಲಿಗವ್ವನದು. "ಮಳಿ ಬರ್ಲಿ ಅನ್ನಾಕೂ ಬಾಯಿ ಬರವಲ್ದು, ಬ್ಯಾಡ ಅನ್ನಾಕೂ ಬರವಲ್ದು" ಎನ್ನುತ್ತಾಳೆ ಆಕೆ, ಒಲೆ ಊದುತ್ತ.

ಈ ಸೀಮೆಗೆ ಪಂಪಾಪತಿ ಹಂಪಿಯಲ್ಲಿದ್ದಾನೆ. ಪಂಪಿನ ಪತಿ ಕುಕನೂರಿನಲ್ಲಿದ್ದಾರೆ. ಐವತ್ತೆರಡರ ಹೊನ್ನೂರಪ್ಪ ಕುಷ್ಟಗಿಯ ಹತ್ತಿ ಗಿರಣಿಯಲ್ಲಿ ಕಲ್ಲಿದ್ದಲು ಎಸೆಯುತ್ತಿದ್ದವರು. ಹದಿನೈದು ವರ್ಷದ ಹಿಂದೆ ಅಲ್ಲಿಗೆ ಎಣ್ಣೆ ಎಂಜಿನು ಬಂತು. ಕೆಟ್ಟಾಗ ಮುಂಬಯಿಯಿಂದ ಬಂದ ಮಿಸ್ತ್ರಿ ನಾಲ್ಕು ದಿನ ಬಿಚ್ಚಿದ, ಇವರು ನಾಲ್ಕು ದಿನ ದೀಪ ಹಿಡಿದರು. ಅಷ್ಟೇ ಪಾಠ. ಓದಿದ ವಿದ್ಯೆಯಲ್ಲ, ಓಡಿಸಿದ ವಿದ್ಯೆ. ಇಂದು ಗಂಗಾವತಿಯ ಅಕ್ಕಿ ಗಿರಣಿಗಳಿಂದ ಕುಷ್ಟಗಿಯವರೆಗೆ ಇಪ್ಪತ್ಮೂರು ಎಂಜಿನುಗಳು ಇವರ ಕೈಯಲ್ಲಿವೆ. ಈ ಬುಲ್‌ಡೋಜರು ಇಪ್ಪತ್ನಾಲ್ಕನೆಯದು. ಮಹಾಯುದ್ಧದ ಲಡಾಯಿಯಲ್ಲಿ ದುಡಿದು ಸವೆದದ್ದನ್ನು ಗುತ್ತೇದಾರರು ಹರಾಜಿನಲ್ಲಿ ಹಿಡಿದು ತಂದಿದ್ದಾರೆ. ಇದಕ್ಕಾಗಿ ಆರು ಮೈಲಿ ನಡೆದು ಬಂದಿದ್ದಾರೆ ಹೊನ್ನೂರಪ್ಪ. ಜೋಳಿಗೆಯಲ್ಲಿ ನಟ್ಟು ತಿರುಗಿಸುವ ಒಂಬತ್ತು ಪಾನಾ, ಅಂಗೈ ಅಗಲದ ಗಾಜು, ಕೋಳಿಯ ಗರಿ, ಒಂದು ವಿಭೂತಿ ಗಟ್ಟಿ.

ಮೊದಲು ಎಂಜಿನು ಚಾಲೂ ಮಾಡಿಸಿ ಕೇಳುತ್ತಾರೆ. "ಧಡ್, ಧಡ್, ಧಡ್, ಫುಸ್" ಎಂದು ಅದರ ದನಿಯಲ್ಲೇ ಹೇಳಿ ನಾಲ್ಕನೆಯ ಸಿಲಿಂಡರನ್ನು ತೋರಿಸುತ್ತಾರೆ. ಎಂಜಿನು ನಿಲ್ಲಿಸಿ ಪಂಪನ್ನು ಒರೆಸಿ ಒಣಗಿಸಿ, ವಿಭೂತಿ ಪುಡಿ ಉದುರಿಸಿ ಮತ್ತೆ ಚಾಲೂ ಮಾಡಿಸುತ್ತಾರೆ. ಬೆಳ್ಳಗಿನ ಬೂದಿಯಲ್ಲಿ ನಾಲ್ಕನೆಯ ನಟ್ಟಿನ ಬುಡ ಕಪ್ಪಾಗಿ ನೆನೆಯುತ್ತದೆ. ಸೋರುವ ಜಾಗ ತಾನೇ ಒಪ್ಪಿಕೊಂಡಂತೆ.

ಬಿಚ್ಚಿದರೆ ಸೋರದಂತೆ ನಟ್ಟಿನಡಿ ಕೂರುವ ತಾಮ್ರದ ಬಳೆಯ ಮೇಲೆ ಗೀರು, ವಾಲ್ವು ಕೂರುವ ಮೋರೆಯ ಮೇಲೂ ಗೀರು. ಮೋರೆಯನ್ನು ಗಾಜಿನ ಮೇಲೆ ಪಾಲಿಶ್ ಹಚ್ಚಿ, ಎಂಟು ಬರೆದ ಹಾಗೆ ಎರಡು ತಾಸು ಉಜ್ಜುತ್ತಾರೆ. ಬಟ್ಟೆ ತಾಕಿಸುವುದಿಲ್ಲ, ನೂಲು ಉಳಿಯುತ್ತದೆಂದು. ಡೀಸೆಲ್‌ನಲ್ಲಿ ತೊಳೆದು ಗರಿಯಿಂದ ಸವರುತ್ತಾರೆ. ತಾಮ್ರದ ಬಳೆ ಹುಲಿಗವ್ವನ ಒಲೆಯಲ್ಲಿ ಕೆಂಪಗೆ ಕಾದು, ಚುಂಯ್ ಎಂದು ನೀರಿಗೆ ಬೀಳುತ್ತದೆ. ಉಕ್ಕಾದರೆ ಹೀಗೆ ಬಿರುಸಾಗುತ್ತದೆ, ತಾಮ್ರ ಮೆತ್ತಗಾಗಿ ಜಾಗಕ್ಕೆ ಒಪ್ಪಿ ಕೂರುತ್ತದೆ.

ಮಧ್ಯಾಹ್ನದ ಹೊತ್ತಿಗೆ ಓವರ್‌ಸಿಯರ್ ಉಮಾಪತಿಯವರ "ಜಲ್ದಿ, ಜಲ್ದಿ" ಹತ್ತನೆಯ ಸಲಕ್ಕೆ ಮುಟ್ಟಿದೆ. ಪಡುವಣದಲ್ಲಿ ಮೋಡ. ಕೊನೆಯ ಪರೀಕ್ಷೆಗೆಂದು ಹೊನ್ನೂರಪ್ಪ ಎಣ್ಣೆ ಚಿಮ್ಮಿಸುವ ನಾಝಲನ್ನು ಹೊರಗೆ ಕಟ್ಟಿ, ಎಂಜಿನು ತಿರುಗಿಸಲು ಹೇಳುತ್ತಾರೆ. ಮಂಜಿನಂಥ ಸಣ್ಣ ತುಂತುರು. ಎಷ್ಟು ನುಣುಪಾಗಿದೆ ಎಂದು ನೋಡಲು ಉಮಾಪತಿ ಅಂಗೈ ಮುಂದೆ ಒಡ್ಡುತ್ತಾರೆ.

ಮರುಕ್ಷಣವೇ ಹೊನ್ನೂರಪ್ಪನವರ ಪಾನಾ ಉಮಾಪತಿಯವರ ಮೊಣಕೈ ಮೇಲೆ ಬಿತ್ತು.

ಅರವತ್ತು ಕೂಲಿಗಳು ಬುಟ್ಟಿ ಹೊತ್ತಲ್ಲೇ ನಿಂತರು. ಗುತ್ತೇದಾರರ ಓವರ್‌ಸಿಯರನ್ನು ಒಬ್ಬ ಮಿಸ್ತ್ರಿ ಹೊಡೆದದ್ದು ಈ ಸೀಮೆಯಲ್ಲಿ ಯಾರೂ ಕಂಡದ್ದಲ್ಲ. ಉಮಾಪತಿಯ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. ಹೊನ್ನೂರಪ್ಪ ಪಾನಾ ಕೆಳಗಿಟ್ಟು ತಮ್ಮ ಬಲಗೈ ಚಾಚಿದರು. ಅದರಲ್ಲಿ ಕಿರುಬೆರಳೂ ಉಂಗುರದ ಬೆರಳೂ ಇಲ್ಲ.

"ತಪ್ಪಾತ್ರಿ ಸಾಹೇಬ್ರ. ಬಾಯಿಲೆ ಹೇಳಾಕ ಹೊತ್ತಿರಲಿಲ್ಲ. ನಾನೂ ಹಿಂಗ ಹಿಡಿದಿದ್ದೆ, ಗಂಗಾವತ್ಯಾಗ. ರಕ್ತ ಬರ್ಲಿಲ್ಲ, ನೋವಿಲ್ಲ, ಸೊಳ್ಳಿ ಕಡದಂಗಾತು. ರೊಟ್ಟಿ ತಿಂದು ಮಕ್ಕೊಂಡೆ. ಎಣ್ಣಿ ತೊಗಲಿನೊಳಗ ಹೊಕ್ಕಿತ್ತು. ಮರುದಿನ ದವಾಖಾನ್ಯಾಗ ಕೊಯ್ದ್ರು. ಇನ್ನೊಂದ್ ದಿನ ತಡ ಮಾಡಿದ್ರ ಕೈನೇ ಹೋಗ್ತಿತ್ತಂತ."

ತುಂತುರು ಎಂದು ಎಲ್ಲರೂ ಕಂಡದ್ದು ಸೂಜಿ. ಉಮಾಪತಿ ಮೊಣಕೈ ಉಜ್ಜಿಕೊಳ್ಳುತ್ತ ನಾಝಲ್ ಒಳಗೆ ಕೂರಿಸಲು ತಾವೇ ಪಾನಾ ಎತ್ತಿಕೊಟ್ಟರು. ಜಲ್ದಿ ಎಂಬ ಮಾತು ಮತ್ತೆ ಕೇಳಲಿಲ್ಲ.

ಎರಡು ಗಂಟೆಗೆ ನಾಲ್ಕೂ ಸಿಲಿಂಡರು ಒಂದೇ ದನಿಯಲ್ಲಿ ಗುಡುಗುತ್ತವೆ. ಗಾದಿಲಿಂಗಪ್ಪ ಮಣ್ಣು ನೂಕುತ್ತಾನೆ, ಕೂಲಿಗಳು ನೀರು ಚಿಮುಕಿಸಿ ದಮ್ಮಸು ಬಡಿದು ಗಟ್ಟಿ ಮಾಡುತ್ತಾರೆ. ಹಗಲಿಗೊಂದು ಪಾಳಿಯಂತೆ ಮೂರು ದಿನ. ಹೊನ್ನೂರಪ್ಪ ಊರಿಗೆ ಹೋಗದೆ ಯಂತ್ರದ ಹಿಂದೆ ಹಿಂದೆಯೇ ನಡೆಯುತ್ತಾರೆ. ಮೂರನೆಯ ಸಂಜೆ ಬಾಯಿ ಮುಚ್ಚಿತು. ನಾಲ್ಕನೆಯ ದಿನ ಬೆಳಿಗ್ಗೆ ಬಂದ ಮಳೆ ಎತ್ತಿನ ಕೊಂಬೂ ಕಾಣದಂತೆ ಸುರಿಯಿತು. ಒಡ್ಡು ಅಲುಗಲಿಲ್ಲ.

ಮಳೆ ನಿಂತ ಮೇಲೆ ಹುಲಿಗವ್ವ ಒಡ್ಡಿನ ಮೇಲಿಂದ ಕೂಗಿ ಕರೆಯುತ್ತಾಳೆ, ಕೋಡಿ ಹರಿಯುವುದನ್ನು ನೋಡಲು ಇಡೀ ಹಟ್ಟಿ ಬಂದಿದೆ ಎಂದು. ಹೊನ್ನೂರಪ್ಪ ಬುಲ್‌ಡೋಜರಿನ ಕೆಳಗೆ ಅಂಗಾತ ಮಲಗಿ ಮೇಲೆ ನೋಡುತ್ತಿದ್ದಾರೆ.

"ನೀವ್ ನೋಡಿ ಬರ್ರಿ" ಎನ್ನುತ್ತಾರೆ. "ಕೆರಿ ತುಂಬಿದ್ದು ನೋಡಾಕ ಭಾಳ ಮಂದಿ ಅದಾರ. ಇಲ್ಲಿ ಎಣ್ಣಿ ಒಂದ್ ಹನಿನೂ ಬಿದ್ದಿಲ್ಲ ಅನ್ನೂದು ನೋಡಾಕ ನಾ ಒಬ್ಬಾಂವ ಅದೀನಿ."